ನಾಲ್ಕು ಸಾವಿರ ಗೃಹಪ್ರವೇಶದ ಒಂದು ಮನೆ

ಬಹಳ ಹಿಂದೆ, ಆದರೆ ಬಸ್ಸು ಮೊಬೈಲುಗಳೆಲ್ಲ ಬಂದ ಮೇಲೆ, ಸೌಧಾವತಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಪ್ರತಾಪಭೂಷಣ ಮಹಾರಾಜರು ಮಹಾ ಪ್ರಜಾವತ್ಸಲರು. ಪ್ರಾತಃಕಾಲ ಎದ್ದು, ದೇವರಿಗೆ ಕೈಮುಗಿಯುವ ಮೊದಲೇ ಜಾಲತಾಣದಲ್ಲಿ ತಮಗೆ ಬಿದ್ದ ಲೈಕುಗಳನ್ನು ನೋಡಿ, ಪ್ರಜೆಗಳು ಸುಖವಾಗಿದ್ದಾರೆಂದು ತಿಳಿದುಕೊಳ್ಳುತ್ತಿದ್ದರು.

ಒಂದು ದಿನ ಲೈಕು ಇಳಿದಿತ್ತು. ಆಸ್ಥಾನ ತಲ್ಲಣಿಸಿತು.

"ಬಡವರಿಗೆ ಮನೆ ಕೊಡೋಣ, ಮಹಾಪ್ರಭು," ಎಂದ ಜಾಲತಾಣ ಮಂತ್ರಿ ಚಾಮರಸೇನ. "ಗೃಹಪ್ರವೇಶದಲ್ಲಿ ಹಾಲು ಉಕ್ಕೋ ವಿಡಿಯೋ ಯಾವಾಗ ಹಾಕಿದ್ರೂ ಓಡುತ್ತೆ."

"ಎಷ್ಟು ಮನೆ?"

"ನಾಲ್ಕು ಸಾವಿರ."

"ಕಟ್ಟಿದ್ದೇವೆಯೇ?"

"ಒಂದು ಕಟ್ಟಿದ್ದೇವೆ ಪ್ರಭು, ಮಾದರಿಗೆ. ಹಾಲು ಉಕ್ಕೋದಕ್ಕೆ ಒಂದು ಒಲೆ ಸಾಕಲ್ಲ?"

"ಎಂಥ ಬುದ್ಧಿಯಯ್ಯಾ ನಿನ್ನದು!"

"ಬುದ್ಧಿ ತಮ್ಮದೇ ಪ್ರಭು. ನಾನು ಬರೀ ನಾಲಗೆ."

ಅಪ್ಪಣೆ ಹೊರಟಿತು. ಸಿಟಿ ಬಸ್ಸುಗಳನ್ನೆಲ್ಲ ಅವುಗಳ ಮಾರ್ಗದಿಂದ ತೆಗೆದು ಫಲಾನುಭವಿಗಳನ್ನು ಕರೆತರಲು ಬಿಟ್ಟರು. ಕಾಲೇಜಿನವರು, ಗಾರ್ಮೆಂಟ್ಸಿನವರು, ಆಸ್ಪತ್ರೆಗೆ ಹೊರಟ ಬಸುರಿಯರು ನಡೆದರು. ನಡಿಗೆ ಹೃದಯಕ್ಕೆ ಒಳ್ಳೆಯದೆಂದು ಸಾರಿಗೆ ಇಲಾಖೆ ಪೋಸ್ಟ್ ಹಾಕಿತು.

ಸೊಪ್ಪು ಮಾರುವ ಕೆಂಪಸಿದ್ದಮ್ಮ ಹೀಗೆ ಬಸ್ಸು ಹತ್ತಿದವಳು. ಓಣಿಯೊಂದರಲ್ಲಿ ಶೀಟು ಹೊದಿಸಿದ ಮನೆ ಅವಳದು; ಗೋಡೆಯಿರುವ ಮನೆಗೆ ಅರ್ಜಿ ಹಾಕಿ ಇಪ್ಪತ್ತು ವರ್ಷವಾಗಿತ್ತು. ಕಂಡಕ್ಟರ್ ಮಾದಯ್ಯ ಅವಳಿಗೆ ತನ್ನ ಸೀಟು ಬಿಟ್ಟುಕೊಟ್ಟ. ಬುಟ್ಟಿಯ ಸೊಪ್ಪು ಬಾಡೀತೆಂದು ತನ್ನ ಟವೆಲ್ಲನ್ನು ಒದ್ದೆ ಮಾಡಿ ಹೊದಿಸಿದ. ಆ ಇಡೀ ಯೋಜನೆಯಲ್ಲಿ ಪ್ರಜೆಗೆ ನಿಜವಾಗಿ ಸಿಕ್ಕ ಸೌಲಭ್ಯ ಇದೊಂದೇ.

ಮಾದರಿ ಮನೆಯಲ್ಲಿ ಒಂದು ಕುಟುಂಬಕ್ಕೆ ಮೂರು ನಿಮಿಷ. ಹೊಸಿಲು ದಾಟಬೇಕು, ಹಾಲು ಉಕ್ಕಿಸಬೇಕು, ಮಹಾರಾಜರ ಪಕ್ಕ ನಿಂತು ಕಣ್ಣೊರೆಸಿಕೊಳ್ಳಬೇಕು, ಹಿಂಬಾಗಿಲಿಂದ ಹೊರಡಬೇಕು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೇ ಹಾಲು ಮುಗಿಯಿತು. ಆಮೇಲೆ ಸೋಪಿನ ನೊರೆ ಉಕ್ಕಿಸಿದರು. ಕ್ಯಾಮೆರಾಕ್ಕೆ ಎರಡೂ ಬಿಳುಪೇ.

ಕೆಂಪಸಿದ್ದಮ್ಮ ಮಾತ್ರ ಹಿಂಬಾಗಿಲಲ್ಲಿ ನಿಂತುಬಿಟ್ಟಳು.

"ಬೀಗದ ಕೈ ಕೊಡಿ, ಬುದ್ಧಿ."

"ಯಾವ ಬೀಗದ ಕೈಯಮ್ಮ?" ಎಂದ ಚಾಮರಸೇನ.

"ನನ್ನ ಮನೇದು. ಹಾಲು ಅಂತ ಉಕ್ಕಿಸಿದ್ದು ಸೋಪು ಅಂತ ಗೊತ್ತಾಯ್ತು, ಓಗ್ಲಿ. ಮನೆನಾದ್ರೂ ದಿಟವಾ?"

"ನಿನ್ನ ವಿಡಿಯೋಗೆ ಐವತ್ತು ಸಾವಿರ ಲೈಕು ಬಂದಿದೆ. ಅಷ್ಟು ಜನ ನಿನ್ನ ಮನೆ ನೋಡಿದಾರೆ!"

"ಅವರೆಲ್ಲ ನೋಡವ್ರಾ? ಅಂಗಾದ್ರೆ ನಂಗೂ ಒಂದ್ಸಲ ತೋರ್ಸಿ."

ಚಾಮರಸೇನ ಮುಂದಿನ ಕುಟುಂಬವನ್ನು ಕರೆದ.

ಅವಳು ಮಾದಯ್ಯನ ಬಸ್ಸಿನಲ್ಲೇ ಓಣಿಗೆ ಮರಳುವಷ್ಟರಲ್ಲಿ ಶೀಟು ನೆಲದ ಮೇಲಿತ್ತು. ಒಬ್ಬರಿಗೆ ಎರಡು ಮನೆ ಇರಕೂಡದೆಂಬುದು ಸೌಧಾವತಿಯ ಕಾನೂನು. ಗೃಹಪ್ರವೇಶದ ವಿಡಿಯೋಗಳನ್ನೇ ಸಾಕ್ಷಿಯಾಗಿ ಹಿಡಿದು, ವಸತಿ ಇಲಾಖೆ ಫಲಾನುಭವಿಗಳ ಹಳೆಯ ಸೂರುಗಳನ್ನೆಲ್ಲ ಕೆಡವಿತ್ತು. ಇಲಾಖೆ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಜನ ಹಿಂದೆಂದೂ ಕಂಡಿರಲಿಲ್ಲ.

ಮಾದಯ್ಯ ಅವಳ ಪಾತ್ರೆಗಳನ್ನು ಒಂದೊಂದಾಗಿ ಮಣ್ಣು ಕೊಡವಿ ಬಸ್ಸಿಗೇರಿಸಿದ. "ಹತ್ತಕ್ಕಾ. ಸದ್ಯಕ್ಕೆ ಇಲ್ಲಿರು, ಆಮೇಲೆ ನೋಡಾನ."

ಉಳಿದವರೂ ಸಂಸಾರ ಸಮೇತ ಸಿಕ್ಕ ಸಿಕ್ಕ ಬಸ್ಸು ಹತ್ತಿದರು. ಯಾರೂ ಇಳಿಯಲಿಲ್ಲ. ಇಳಿದು ಹೋಗುವುದೆಲ್ಲಿಗೆ?

ಬಸ್ಸುಗಳು ಡಿಪೋದಲ್ಲಿ ನಿಂತೇ ಇವೆ, ಒಳಗೆ ಒಗ್ಗರಣೆಯ ವಾಸನೆ ಬರುತ್ತಿದೆ ಎಂಬ ಸುದ್ದಿ ಅರಮನೆ ಮುಟ್ಟಿತು. ಚಾಮರಸೇನ ಬೆವರಿದ. ಆಗ ಮಹಾರಾಜರು, ಪಟ್ಟಕ್ಕೆ ಬಂದ ಮೇಲೆ ಮೊದಲ ಸಲ, ಸ್ವಂತವಾಗಿ ಯೋಚಿಸಿದರು.

"ಜನ ವಾಸಿಸುತ್ತಿದ್ದಾರೆ, ಆದ್ದರಿಂದ ವಸತಿ ಆಯಿತು. ಬಸ್ಸಿನಲ್ಲಿದ್ದಾರೆ, ಆದ್ದರಿಂದ ಸಾರಿಗೆಯೂ ಆಯಿತು. ಇನ್ನೇನು ಕೊರತೆ?"

"ಲೈವ್ ಹೋಗೋಣ ಪ್ರಭು!" ಎಂದು ಚಾಮರಸೇನ ಕಾಲಿಗೆ ಬಿದ್ದ.

ಆ ವಿಡಿಯೋ ಕೋಟಿ ದಾಟಿತು. ಆಸ್ಥಾನವು ಮಹಾರಾಜರಿಗೆ 'ವಸತಿ-ಸಾರಿಗೆ ಸಾರ್ವಭೌಮ' ಎಂಬ ಬಿರುದು ಕೊಟ್ಟು, ಹೊಸ ಕಿರೀಟ ತೊಡಿಸಿತು.

ಈಗ ಕೆಂಪಸಿದ್ದಮ್ಮ ಕಿಟಕಿ ಪಕ್ಕದ ಎರಡು ಸೀಟಿನಲ್ಲಿ ಸಂಸಾರ ಮಾಡುತ್ತಾಳೆ. ಟಿಕೆಟ್ ಇಲ್ಲದವರನ್ನು ಮನೆಯಿಂದ ಇಳಿಸತಕ್ಕದ್ದು ಎಂದು ರಾಜಾಜ್ಞೆಯಾಗಿದೆ. ಆದ್ದರಿಂದ ದಿನಾ ಬೆಳಿಗ್ಗೆ ಮಾದಯ್ಯ ಅವಳ ಮುಂದೆ ಬಂದು, ಮುಖ ನೋಡಲಾರದೆ, ಕೇಳುತ್ತಾನೆ:

"ಎಲ್ಲಿಗಕ್ಕಾ?"

"ಇಲ್ಲಿಗೇ ಒಂದು ಕೊಡಪ್ಪ," ಎನ್ನುತ್ತಾಳೆ ಅವಳು.