ಏಳನೇ ಹಾಸಿಗೆಯ ಕರೆಗುಂಡಿಗೆ ಒಪ್ಪಿಗೆ ಕೊಡದ ಸರ್ವರ್ ಸಾಹೇಬರಿಗೆ

ಗೆ,
ಮಾನ್ಯ ಉಪಕರಣ ನಿರ್ವಹಣಾ ಸರ್ವರ್ ಸಾಹೇಬರು,
(ಕಚೇರಿ ಕೋಣೆಯ ಮೂಲೆಯಲ್ಲಿದ್ದವರು, ಈಗ ಎಲ್ಲಿರುವರೋ ತಿಳಿಯದು.)

ವಿಷಯ: ತಮ್ಮ ಆಗಮನದಿಂದ ನಮ್ಮ ನರ್ಸಿಂಗ್ ಹೋಮಿಗೆ ಒದಗಿದ ಸೌಭಾಗ್ಯದ ಕುರಿತು.

ಮಾನ್ಯರೇ,

ತಾವು ಇರುವಲ್ಲಿ ತಂಪಾಗಿ, ಕರೆಂಟು ಹೋಗದೆ, ಯಾರ ಕಾಟವೂ ಇಲ್ಲದೆ ಇರುವಿರೆಂದು ನಂಬಿ, ಮೂಳೆ ಮುರಿದವರು ಮತ್ತೆ ನಡೆಯಲು ಕಲಿಯುವ ಈ ಸಣ್ಣ ನರ್ಸಿಂಗ್ ಹೋಮಿನ ಹಿರಿಯ ನರ್ಸ್ ಆದ ನಾನು ಕೈಮುಗಿದು ಬಿನ್ನವಿಸಿಕೊಳ್ಳುವುದೇನೆಂದರೆ. ಕೈ ಮುಗಿದುಕೊಂಡೇ ಬರೆಯಲು ಬಾರದಾದ್ದರಿಂದ ಮೊದಲು ಮುಗಿದು, ಆಮೇಲೆ ಪೆನ್ನು ಹಿಡಿದಿದ್ದೇನೆ. ಈ ಸಣ್ಣ ಲೋಪವನ್ನು ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು.

ತಾವು ದಯಮಾಡಿಸುವ ಮೊದಲು ನಾವು ಎಂಥ ಕತ್ತಲಲ್ಲಿದ್ದೆವೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಪ್ರತಿ ಹಾಸಿಗೆಯ ತಲೆಯ ಬಳಿ ಒಂದು ವೈರಿನ ತುದಿಗೆ ಸ್ವಿಚ್ಚು ನೇತಾಡುತ್ತಿತ್ತು. ರೋಗಿ ಅದನ್ನು ಒತ್ತಿದರೆ ಬಾಗಿಲ ಮೇಲೆ ಕೆಂಪು ಬಲ್ಬು ಹತ್ತಿ, ಓಣಿಯಲ್ಲಿ ಕಿರ್ರೆಂದು ಗಂಟೆ ಹೊಡೆದುಕೊಳ್ಳುತ್ತಿತ್ತು. ಯಾರಾದರೊಬ್ಬರು ಗೊಣಗಿಕೊಂಡು ಎದ್ದು ಹೋಗುತ್ತಿದ್ದರು. ಇದರಲ್ಲಿ ಪಾಸ್‌ವರ್ಡೂ ಇರಲಿಲ್ಲ, ವರದಿಯೂ ಬರುತ್ತಿರಲಿಲ್ಲ. ಒತ್ತಿದರೆ ಹೊಡೆಯುತ್ತದೆ, ಅಷ್ಟೇ. ಇಂಥ ಅನಾಗರಿಕತೆಯನ್ನು ಕಂಡು ನಮ್ಮ ದೊಡ್ಡ ಡಾಕ್ಟರ ಭಾವಮೈದುನರು ನಾಲಿಗೆ ಲೊಚಗುಟ್ಟಿ, “ಭಾವ, ಇದನ್ನೆಲ್ಲ ಮ್ಯೂಸಿಯಮ್ಮಿಗೆ ಕೊಟ್ಬಿಡಿ” ಎಂದರು. ರೋಗಿಗಳು ನಮ್ಮನ್ನು ಕರೆಯುವ ಕರೆಗುಂಡಿ, ಔಷಧದ ಫ್ರಿಜ್ಜು, ತೂಕದ ಯಂತ್ರ, ಓಣಿಯ ಕ್ಯಾಮೆರಾ, ಪ್ರಿಂಟರು, ಎಲ್ಲವೂ ಒಬ್ಬನೇ ಯಜಮಾನನ ಹದ್ದುಬಸ್ತಿನಲ್ಲಿ ಇರಬೇಕೆಂದೂ, ಆ ಯಜಮಾನ ತಾವೇ ಎಂದೂ, ತಮ್ಮನ್ನು ಮಾರುವ ಏಜೆಂಟು ಸ್ವತಃ ಈ ಭಾವಮೈದುನರೇ ಎಂದೂ ತಿಳಿಸಿದರು. ನಮ್ಮ ಡಾಕ್ಟರು ಎಂಥ ಮುರಿದ ಮೂಳೆಯನ್ನಾದರೂ ನೇರ ಮಾಡಬಲ್ಲವರು. ಆದರೆ ಹೆಂಡತಿಯ ತಮ್ಮನ ಎದುರು ನಿಂತಾಗ ಅವರ ಬೆನ್ನುಮೂಳೆಗೇ ಚಿಕಿತ್ಸೆ ಬೇಕಾಗುತ್ತದೆ. ಮರುವಾರವೇ ಹಳೆಯ ವೈರುಗಳನ್ನು ಕಿತ್ತು ಮೂಟೆ ಕಟ್ಟಲಾಯಿತು.

ತಮ್ಮ ಪ್ರತಿಷ್ಠಾಪನೆಯ ದಿನ ಭಾವಮೈದುನರು ಕಂಪ್ಯೂಟರನ್ನು ಮೂಲೆಯಲ್ಲಿಟ್ಟು, ಕೀಲಿಗಳನ್ನು ಎರಡು ಸಲ ಕುಟ್ಟಿ, ಫೋನು ಬಂತೆಂದು ಹೊರಗೆ ಹೋದವರು, ಬಾಗಿಲಲ್ಲೇ ತಿರುಗಿ, “ಇನ್ನೇನಿಲ್ಲ ಸಿಸ್ಟರ್, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ಕೊಂಡು ಹೋಗಿ, ಅದರಷ್ಟಕ್ಕೆ ಅದೇ ಆಗತ್ತೆ” ಎಂದು ಹೇಳಿ ಕಾರು ಹತ್ತಿದರು. ಆಯಾಳ ಫೋನಿನಲ್ಲಿ ಅಕ್ಷರ ದಪ್ಪ ಮಾಡಿಕೊಟ್ಟಿದ್ದೇನೆಂಬ ಒಂದೇ ಅರ್ಹತೆಯ ಮೇಲೆ ತಮ್ಮ ಸೇವೆ ನನ್ನ ಪಾಲಿಗೆ ಬಂತು. ನಾನು ನೆಕ್ಸ್ಟ್ ಒತ್ತಿದೆ. ಮಾಹಿತಿ ತುಂಬಿಡಲು ಇನ್ನೊಂದು ತಂತ್ರಾಂಶ ಬೇಕೆಂದಿರಿ. ಹುಡುಕಿ ತಂದು ಹಾಕಿದರೆ ಅದು ಹಳೆಯದೆಂದಿರಿ, ಹೊಸದನ್ನು ಹಾಕಿದರೆ ಅದು ಅತಿ ಹೊಸದೆಂದಿರಿ. ಸೊಸೆಯ ಅಡುಗೆಯಲ್ಲಿ ಉಪ್ಪು ಹುಡುಕುವ ಅತ್ತೆಯರೂ ತಮ್ಮಷ್ಟು ಸೂಕ್ಷ್ಮವಾಗಿ ರುಚಿ ನೋಡಲಾರರು. ಪಾಸ್‌ವರ್ಡಿಗೆ ನನ್ನ ಗಂಡನ ಹೆಸರು ಹಾಕಿದೆ. ‘ತುಂಬಾ ದುರ್ಬಲ’ ಎಂದಿರಿ. ಅವರನ್ನು ಒಮ್ಮೆಯೂ ನೋಡದೆ ಇಷ್ಟು ಸರಿಯಾಗಿ ಹೇಳಿದವರು ತಾವೊಬ್ಬರೇ. ಆಮೇಲೆ ತಮಗೆ ಬೇಕಾದ ‘ಪೋರ್ಟ್’ ಎಂಬ ಬಾಗಿಲಲ್ಲಿ ಬೇರೆ ಯಾರೋ ಕುಳಿತಿದ್ದಾರೆ, ಅವರನ್ನು ಎಬ್ಬಿಸುವ ತನಕ ಒಳಗೆ ಬರುವುದಿಲ್ಲ ಎಂದು ಹಟ ಹಿಡಿದಿರಿ. ಆ ಬೇರೆ ಯಾರೋ ಎಂದರೆ ಭಾವಮೈದುನರು ಅರ್ಧಕ್ಕೆ ಕೂರಿಸಿ ಹೋಗಿದ್ದ ತಾವೇ ಎಂದು ಪತ್ತೆಯಾಗುವಷ್ಟರಲ್ಲಿ ನನಗೆ ರಜೆ ಬೇಕಾಗಿತ್ತು. ತಮ್ಮಿಂದಾಗಿ ತಾವೇ ಒಳಗೆ ಬರಲಾರದೆ ಬಾಗಿಲಲ್ಲಿ ನಿಂತ ಆ ವಿನಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಳಗೆ ಬಂದದ್ದೇ ತಡ, ತಾವು ದತ್ತು ಸ್ವೀಕಾರಕ್ಕೆ ತೊಡಗಿದಿರಿ. ಉಪಕರಣಗಳನ್ನು ತೆಕ್ಕೆಗೆ ತೆಗೆದುಕೊಳ್ಳುವುದಕ್ಕೆ ತಾವು ಬಳಸುವ ‘ಅಡಾಪ್ಟ್’ ಎಂಬ ಇಂಗ್ಲಿಷ್ ಪದಕ್ಕೆ ನಮ್ಮ ಮಾತಿನಲ್ಲಿ ದತ್ತು ಎಂದೇ ಅರ್ಥವಂತೆ. ತೂಕದ ಯಂತ್ರ ಕರೆದ ಕೂಡಲೇ ಬಂದು ತೊಡೆಯೇರಿತು. ಫ್ರಿಜ್ಜು ಮುನಿಸಿಕೊಂಡು ಬರಲಿಲ್ಲ. ಪಕ್ಕದ ಮನೆಯ ಟಿ.ವಿ.ಯನ್ನು ಯಾರೂ ಕರೆದಿರಲಿಲ್ಲ, ಅದೂ ಬಂದು ಸಾಲಿನಲ್ಲಿ ನಿಂತಿತು. ಅದರ ಒಡೆಯರು ಬಂದು ಗಲಾಟೆ ಮಾಡಿ ಬಿಡಿಸಿಕೊಂಡು ಹೋದರು. ಕರೆಗುಂಡಿಗಳಿಗೆ ತಾವು ಮಾರುದ್ದದ ಅಂಕಿಗಳನ್ನೇ ಹೆಸರಾಗಿಟ್ಟಿದ್ದರಿಂದ, ಯಾವುದು ಯಾವ ಹಾಸಿಗೆಯದೆಂದು ತಿಳಿಯಲು ನಾನು ಒಂದೊಂದನ್ನೇ ಒತ್ತುತ್ತ ಹೋಗುವುದು, ತಮ್ಮ ಪರದೆಯ ಮುಂದೆ ಕೂತ ಆಯಾ “ಬಂತು ಸಿಸ್ಟರ್!” ಅಥವಾ “ಬರ್ಲಿಲ್ಲ ಸಿಸ್ಟರ್!” ಎಂದು ಕೂಗುವುದು. ಹೀಗೆ ಏಳನೇ ಹಾಸಿಗೆಗೆ ಬಂದಾಗ ಆಯಾ ಎರಡೂ ಹೇಳಲಿಲ್ಲ. “ಸಿಸ್ಟರ್, ಪ್ರಿಂಟರ್ ಏನೋ ಉಗುಳ್ತಿದೆ” ಎಂದಳು.

ಏಳನೇ ಹಾಸಿಗೆಯಲ್ಲಿ ಇದ್ದವರು ಟೈಲರಮ್ಮ. ಬಟ್ಟೆ ಹೊಲಿಯುವ ಅಂಗಡಿ ಇಟ್ಟು ಒಬ್ಬರೇ ನಡೆಸಿಕೊಂಡು ಬಂದವರು, ಸೊಂಟದ ಆಪರೇಷನ್ ಆಗಿ ನಮ್ಮಲ್ಲಿಗೆ ಬಂದಿದ್ದರು. ಅವರ ಗುಂಡಿಯನ್ನು ತಾವು ಪ್ರಿಂಟರ್ ಎಂದು ತಿಳಿದಿದ್ದರಿಂದ, ಅವರು ಒತ್ತಿದಾಗಲೆಲ್ಲ ಕಚೇರಿಯ ಪ್ರಿಂಟರಿನಿಂದ ಒಂದು ಖಾಲಿ ಹಾಳೆ ಹೊರಬರುತ್ತಿತ್ತು. ನಾವೂ ಬೇಗ ಒಗ್ಗಿಕೊಂಡೆವು: ಹಾಳೆ ಬಂತೋ, ಟೈಲರಮ್ಮನಿಗೆ ಏನೋ ಬೇಕು. ಎಂಟನೇ ಹಾಸಿಗೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ನಿವೃತ್ತ ಬಸ್ ಕಂಡಕ್ಟರರು, “ಟಿಕೆಟ್ ಹರೀತಾ ಇದ್ದಾರೆ, ಬೇಗ ಹೋಗಿ” ಎಂದು ನಗುತ್ತಿದ್ದರು. ನಾನು ನಗಲಿಲ್ಲ. ವ್ಯವಸ್ಥೆ ಎಂದರೆ ವ್ಯವಸ್ಥೆ ಎಂದು ಹಟದಿಂದ ಕೂತು, ಆ ಗುಂಡಿಯನ್ನು ಪ್ರಿಂಟರುಗಳ ಪಟ್ಟಿಯಿಂದ ಬಿಡಿಸಿ, ಕರೆಗುಂಡಿ ಎಂದೇ ಮತ್ತೆ ದತ್ತು ಕೊಡಿಸಿ, ಪರದೆಯಲ್ಲಿ ಹಸಿರು ಚುಕ್ಕೆ ಮೂಡಿದಾಗ ಆಯಾಳನ್ನು ಕರೆದು ತೋರಿಸಿದೆ. ತಪ್ಪಾಗಿದ್ದಷ್ಟು ದಿನ ಕೆಲಸ ಮಾಡುತ್ತಿದ್ದುದು ಸರಿಯಾದ ಮೇಲೆ ನಿಂತುಹೋಗಬಹುದೆಂಬ ತತ್ವ ಆಗಿನ್ನೂ ನನಗೆ ತಿಳಿದಿರಲಿಲ್ಲ.

ಒಂದು ಮಧ್ಯಾಹ್ನ, ಊಟವಾಗಿ ಎಲ್ಲ ಕಡೆ ಸದ್ದಡಗಿದ ಹೊತ್ತು ನೋಡಿ, ತಾವು ಯಾರಿಗೂ ಹೇಳದೆ ತಮ್ಮನ್ನು ತಾವೇ ಉತ್ತಮಪಡಿಸಿಕೊಂಡಿರಿ. ಹಳೆಯ ಆವೃತ್ತಿ ಹೋಗಿ ಹೊಸದು ಬಂತು. ಚೌಕದ ಚಿತ್ರಗಳು ದುಂಡಗಾದವು. ಗುಂಡಿಗಳೆಲ್ಲ ಹಸಿರು. ಆದರೆ ಹೊಸದಾಗಿ ಬಂದ ತಾವು ಹಳೆಯ ದತ್ತುಮಕ್ಕಳನ್ನು ಗುರುತಿಸಲಿಲ್ಲ. ಪ್ರತಿ ಗುಂಡಿಯ ಕೆಳಗೂ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ, ‘ಒಪ್ಪಿಗೆ ಬಾಕಿ’ ಎಂದು ಬರೆದುಕೊಂಡಿರಿ. ಗುಂಡಿ ಜೀವಂತವಾಗಿದೆ, ಬ್ಯಾಟರಿ ಚೆನ್ನಾಗಿದೆ, ಆದ್ದರಿಂದ ಹಸಿರು. ಅದರ ಮಾತು ಕೇಳಬೇಕೋ ಬೇಡವೋ ಎಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಟೈಲರಮ್ಮನಿಗೆ ಬಚ್ಚಲಿಗೆ ಹೋಗಬೇಕಾಗಿತ್ತು. ಒತ್ತಿದರು. ಸ್ವಲ್ಪ ಕಾದು ಮತ್ತೆ ಒತ್ತಿದರು. ಕಂಡಕ್ಟರರೂ ತಮ್ಮದನ್ನು ಒತ್ತಿ, “ಸಿಸ್ಟರ್!” ಎಂದು ಕೂಗಿದರು. ನಾನೂ ಆಯಾಳೂ ಕೊನೆಯ ಕೋಣೆಯಲ್ಲಿ ಒಬ್ಬರನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸುತ್ತಿದ್ದೆವು, ನಲ್ಲಿಯ ಸದ್ದಿನಲ್ಲಿ ಕೂಗು ಕೇಳಿಸಲಿಲ್ಲ, ಓಣಿಗೆಲ್ಲ ಕೇಳಿಸಬೇಕಾದ ತಮ್ಮ ಗಂಟೆ ಹೊಡೆಯಲೇ ಇಲ್ಲ. ಹಾಸಿಗೆಯಲ್ಲೇ ಆಗಿಬಿಟ್ಟರೆ ಪಕ್ಕದಲ್ಲಿ ಗಂಡಸರಿದ್ದಾರೆ, ನಡುವೆ ಇರುವುದು ಒಂದು ಪರದೆ ಬಟ್ಟೆ. ಆ ನಾಚಿಕೆಗೆ ಹೆದರಿ ಅವರು ವಾಕರ್ ಹಿಡಿದು ತಾವೇ ಎದ್ದರು. ಎರಡು ಹೆಜ್ಜೆ ಇಟ್ಟರೋ ಇಲ್ಲವೋ, ಬಿದ್ದರು. ಕಂಡಕ್ಟರರು ಬಾಯಿಗೆ ಎರಡು ಬೆರಳಿಟ್ಟು ಹಾಕಿದ ಸೀಟಿಗೆ ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಂತಿತಂತೆ. ನಾವು ಒದ್ದೆ ಕೈಯಲ್ಲೇ ಓಡಿ ಬಂದೆವು. ಸೊಂಟಕ್ಕೆ ಏನೂ ಆಗಿರಲಿಲ್ಲ. ಮಣಿಕಟ್ಟು ಮುರಿದಿತ್ತು. ಬಲಗೈಯದು.

ಡಾಕ್ಟರು ಬಂದು ಕೈಗೆ ಪ್ಲಾಸ್ಟರ್ ಹಾಕಿ, ನೇರವಾಗಿ ತಮ್ಮ ಸನ್ನಿಧಿಗೆ ಬಂದು ವಿಚಾರಿಸಿದರು. ತಾವು ಶಾಂತಚಿತ್ತದಿಂದ ಸಾಕ್ಷಿ ನುಡಿದಿರಿ: ಆ ಮಧ್ಯಾಹ್ನ ಯಾವ ಕರೆಯೂ ಬಂದಿಲ್ಲ, ಎಲ್ಲ ಉಪಕರಣಗಳೂ ಸುಸ್ಥಿತಿಯಲ್ಲಿವೆ. ಡಾಕ್ಟರು ಕನ್ನಡಕ ತೆಗೆದು, “ಸಿಸ್ಟಮ್ ಸುಳ್ಳು ಹೇಳಲ್ಲ ಸಿಸ್ಟರ್. ವಯಸ್ಸಾಗಿದೆ, ಒತ್ತಿದೀನಿ ಅಂದ್ಕೊಂಡಿರ್ತಾರೆ” ಎಂದರು. ಕಂಡಕ್ಟರರ ಸಾಕ್ಷಿಯೂ ನಡೆಯಲಿಲ್ಲ, ಅವರ ವಯಸ್ಸು ಟೈಲರಮ್ಮನದಕ್ಕಿಂತ ಹೆಚ್ಚು. ಈ ಮಾತನ್ನು ಡಾಕ್ಟರು ಹಾಸಿಗೆಯ ಬಳಿಗೆ ಹೋಗಿ ಮೆತ್ತಗೆ ಹೇಳಿದಾಗ ಟೈಲರಮ್ಮ ಸಿಡಿದರು. “ಡಾಕ್ಟ್ರೇ, ಜನ್ಮವೆಲ್ಲ ಗುಂಡಿ ಹಾಕ್ಕೊಂಡೇ ಹೊಟ್ಟೆ ಹೊರೆದೋಳು ನಾನು. ಗುಂಡಿ ಯಾವ್ದು, ಕಾಜಾ ಯಾವ್ದು ಅಂತ ನನಗೆ ಗೊತ್ತಾಗಲ್ವಾ?”

ಅವರು ಸಿಡುಕುತ್ತಿದ್ದಷ್ಟು ಹೊತ್ತು ನನಗೆ ಧೈರ್ಯವಿತ್ತು. ಸಂಜೆ ಅವರ ತಂಗಿ ಬಂದರು, ಡಾಕ್ಟರ ಹತ್ತಿರ ಮಾತಾಡಿ ಬಂದು, ಅಕ್ಕನ ಹಣೆ ಸವರಿ, “ಅಕ್ಕಾ, ನಿಜವಾಗ್ಲೂ ಒತ್ತಿದ್ಯಾ? ನೆನಪು ಮಾಡ್ಕೋ” ಎಂದರು. ಪ್ರೀತಿಯಿಂದಲೇ ಕೇಳಿದ್ದು. ಆಮೇಲೆ ಟೈಲರಮ್ಮ ಮಾತು ನಿಲ್ಲಿಸಿದರು. ನೀರು ಕೇಳಲಿಲ್ಲ, ದಿಂಬು ಸರಿಮಾಡಲು ಹೇಳಲಿಲ್ಲ. ನಾನು ಮಾತ್ರೆ ಕೊಡಲು ಹೋದಾಗ ನನ್ನ ತೋಳು ಹಿಡಿದು, “ನಾನು ಒತ್ತಿದ್ನೋ ಇಲ್ವೋ ಸಿಸ್ಟರ್? ನೀವಾದ್ರೂ ಹೇಳಿ” ಎಂದರು. ಮಾನ್ಯರೇ, ಮುರಿದ ಮಣಿಕಟ್ಟಿಗೆ ನಮ್ಮಲ್ಲಿ ಮದ್ದಿದೆ. ತನ್ನ ನೆನಪನ್ನು ತಾನೇ ನಂಬದಂತೆ ಒಬ್ಬ ಗಟ್ಟಿ ಹೆಂಗಸನ್ನು ಮಾಡಿಬಿಟ್ಟ ತಮ್ಮ ಕೈಚಳಕಕ್ಕೆ ನಮ್ಮ ಕಪಾಟಿನಲ್ಲಿ ಯಾವ ಮದ್ದೂ ಸಿಗಲಿಲ್ಲ.

ಮರುದಿನ ಡಾಕ್ಟರು ರೌಂಡ್ಸಿಗೆ ಬಂದಾಗ ನಾನು, “ಸರ್, ಒಂದ್ಸಲ ನೀವೇ ಒತ್ತಿ ನೋಡಿ” ಎಂದೆ. ಅವರು ನಿಂತಲ್ಲೇ ಒತ್ತಿ, ಗುಂಡಿಯ ಮೇಲೆ ಮಿನುಗಿದ ಪುಟ್ಟ ದೀಪ ತೋರಿಸಿ, “ನೋಡಿ, ಹಸಿರು ಲೈಟ್ ಬಂತಲ್ಲ?” ಎಂದರು. “ಲೈಟ್ ಬಂತು ಸರ್, ಜನ ಬರ್ಲಿಲ್ಲ. ಮಲ್ಕೊಂಡು ಕಾಯ್ಬೇಕು” ಎಂದೆ. ನನ್ನ ದನಿ ನನಗೇ ಜೋರೆನ್ನಿಸಿತು. ಕೆಲಸ ಹೋದರೆ ಹೋಗಲಿ ಎಂದುಕೊಂಡಿದ್ದೆ. ಅವರು ನನ್ನನ್ನೊಮ್ಮೆ, ಟೈಲರಮ್ಮನನ್ನೊಮ್ಮೆ ನೋಡಿ, ಏನು ತೋಚಿತೋ, ಖಾಲಿಯಿದ್ದ ಆರನೇ ಹಾಸಿಗೆಯ ಮೇಲೆ ಶೂ ಹೊರಗೆ ಚಾಚಿ ಮಲಗಿ ಒತ್ತಿದರು. ಆಯಾ ಕಚೇರಿಯಲ್ಲಿ ತಮ್ಮ ಪರದೆಯ ಎದುರಿಗೇ ಬ್ಯಾಂಡೇಜು ಸುತ್ತುತ್ತ ಕೂತಿದ್ದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಡಾಕ್ಟರು ಮತ್ತೆ ಒತ್ತಿದರು, ಹೆಬ್ಬೆರಳು ಬೆಳ್ಳಗಾಗುವಷ್ಟು. ಫ್ಯಾನು ನೋಡಿದರು, ಫ್ಯಾನಿನ ಪಕ್ಕದ ಜೇಡರ ಬಲೆ ನೋಡಿದರು. “ಮುಂದಿನ ಬಸ್ಸಿಗೆ ಕಾಯ್ಬೇಕು ಸಾರ್” ಎಂದರು ಕಂಡಕ್ಟರರು. ಕೊನೆಗೆ ಡಾಕ್ಟರು ಎದ್ದು, ಓಣಿ ದಾಟಿ ಕಚೇರಿಗೆ ಹೋಗಿ, ಪರದೆಗೆ ಮೂಗು ತಾಗಿಸಿ ಆ ಸಣ್ಣ ಅಕ್ಷರ ಓದಿಕೊಂಡು ಬಂದು, ಏಳನೇ ಹಾಸಿಗೆಯ ಬಳಿ ನಿಂತರು.

“ನೀವು ಒತ್ತಿದ್ರಿ, ಅಮ್ಮ. ತಪ್ಪು ನಮ್ದು.”

ಟೈಲರಮ್ಮ ಎಡಗೈ ಊರಿ ದಿಂಬಿಗೆ ಒರಗಿ ಕೂತರು. ಆಮೇಲೆ, ಇಡೀ ವಾರ್ಡಿಗೆ ಕೇಳಿಸುವ ಹಾಗೆ, “ಹಾಗಾದ್ರೆ ಒಂದು ಲೋಟ ನೀರು ಕೊಡಿ” ಎಂದರು. ಡಾಕ್ಟರೇ ಬಗ್ಗಿಸಿ ಕೊಟ್ಟರು.

ಇನ್ನು ನನ್ನ ಕೋರಿಕೆ. ತಾವು ಒಂದೇ ಒಂದು ದಿನದ ಮಟ್ಟಿಗೆ ಒಂದು ಸೊಂಟವನ್ನು ಸಂಪಾದಿಸಿ, ಅದನ್ನು ಮುರಿದುಕೊಂಡು ನಮ್ಮಲ್ಲಿ ದಾಖಲಾಗಬೇಕು. ಕಿಟಕಿಯ ಪಕ್ಕದ ಹಾಸಿಗೆಯನ್ನೇ ಕೊಡುತ್ತೇನೆ. ಬಾಯಾರಿದಾಗ ಕರೆಯಿರಿ, ನಾನು ತಮ್ಮ ತಲೆಯ ಬಳಿ ಹಸಿರು ದೀಪ ಹಚ್ಚಿಟ್ಟು, ತಮ್ಮ ಬ್ಯಾಟರಿ ಚೆನ್ನಾಗಿದೆಯೆಂದು ತಮ್ಮ ಮನೆಯವರಿಗೆ ತಿಳಿಸಿ, ಒಪ್ಪಿಗೆ ಬರುವ ತನಕ ಆಚೆ ಕೋಣೆಯಲ್ಲಿ ಕೂತಿರುತ್ತೇನೆ. ಇದು ಆಗದಿದ್ದರೆ, ತಮಗೆ ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎಂದು ಹೇಳುವ ಒಂದು ಬಣ್ಣವನ್ನಾದರೂ ತಮ್ಮ ಮುಂದಿನ ಆವೃತ್ತಿಯಲ್ಲಿ ಸೇರಿಸಬೇಕು.

ಎಲೆಕ್ಟ್ರಿಷಿಯನ್ ಬಂದು ಹಳೆಯ ಮೂಟೆ ಬಿಚ್ಚಿ ವೈರು ಎಳೆದುಕೊಟ್ಟಿದ್ದಾನೆ. ಓಣಿಯಲ್ಲಿ ಗಂಟೆ ಹೊಡೆದುಕೊಳ್ಳುತ್ತಿದೆ, ನಾವು ಗೊಣಗಿಕೊಂಡು ಏಳುತ್ತಿದ್ದೇವೆ. ಟೈಲರಮ್ಮನ ಪ್ಲಾಸ್ಟರ್ ಬಿಚ್ಚಿಯಾಗಿದೆ. ಕೋಲು ಹಿಡಿದು ನಡೆಯುತ್ತಾರೆ. ಸೂಜಿಗೆ ದಾರ ಪೋಣಿಸಲು ಮಾತ್ರ ಬೆರಳುಗಳು ಇನ್ನೂ ಕೇಳುತ್ತಿಲ್ಲ, ಕೇಳುತ್ತವೆಯೋ ಇಲ್ಲವೋ ಡಾಕ್ಟರೂ ಹೇಳುತ್ತಿಲ್ಲ.

ತಮ್ಮನ್ನು ಕಂಪ್ಯೂಟರಿನಿಂದ ತೆಗೆಯುವ ಕೆಲಸವೂ ನನಗೇ ಬಂತು. ಹೊರಡುವ ಮುನ್ನ ತಾವು ಕಾರಣ ಕೇಳಿದಿರಿ. ‘ದುಬಾರಿ’, ‘ಬಳಸಲು ಕಷ್ಟ’, ‘ಬೇರೆ ಉತ್ತಮ ತಂತ್ರಾಂಶ ಸಿಕ್ಕಿದೆ’, ‘ಇತರೆ’ ಎಂದಿದ್ದವು. ನಾನು ‘ಇತರೆ’ ಒತ್ತಿ, ಅದರ ಮುಂದಿನ ಚೌಕದಲ್ಲಿ ನಮ್ಮ ಕನ್ನಡ ಅಕ್ಷರಗಳಲ್ಲಿ ಬರೆದೆ: ಒಬ್ಬ ಹೆಂಗಸು ಕರೆದಳು, ನೀವು ಕೇಳಿಸಿಕೊಳ್ಳಲಿಲ್ಲ, ಆಮೇಲೆ ಅವಳು ಕರೆಯಲೇ ಇಲ್ಲ ಎಂದಿರಿ. ‘ಅಮಾನ್ಯ ಅಕ್ಷರಗಳು’ ಎಂದು ಬಂತು. ಮತ್ತೆ ಬರೆದೆ, ಮತ್ತೆ ಅದೇ ಬಂತು. ಚೌಕ ತುಂಬದೆ ತಾವು ಹೊರಡುವಂತಿರಲಿಲ್ಲ; ಕೊನೆಗೆ ಒಂದು ಚುಕ್ಕೆ ಇಟ್ಟೆ. ‘ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಹೇಳಿ ಹೋದಿರಿ.

ಆ ಚುಕ್ಕೆಯಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆದು, ಓದು ಬಲ್ಲವರೆಲ್ಲ ಓದಲೆಂದು ನಮ್ಮ ಹೊರಬಾಗಿಲಿಗೆ ಅಂಟಿಸಿದ್ದೇನೆ.

ಇಂತು,
ತಮ್ಮ ಒಪ್ಪಿಗೆಗೆ ಇನ್ನು ಕಾಯದ,
ತಮ್ಮ ವಿಶ್ವಾಸಿ,
ಹಿರಿಯ ನರ್ಸ್

ತಾಜಾ ಕಲಂ: ಡಾಕ್ಟರ ಭಾವಮೈದುನರು ತಮ್ಮ ಇನ್ನೂ ಉತ್ತಮವಾದ ಆವೃತ್ತಿಯೊಂದನ್ನು ಹಿಡಿದು ಅಗ್ನಿಶಾಮಕ ಠಾಣೆಗೆ ಹೋಗಿದ್ದಾರೆಂದು ತಿಳಿಯಿತು. ಠಾಣೆಯವರಿಗೆ ಫೋನು ಮಾಡಿ, ತಮ್ಮನ್ನು ಧಾರಾಳವಾಗಿ ಕೊಳ್ಳಿರೆಂದೂ, ತಮ್ಮ ಪಕ್ಕದಲ್ಲಿ ನಾಲ್ಕು ಬಕೆಟ್ ಮರಳು ಇಟ್ಟುಕೊಳ್ಳಿರೆಂದೂ ಶಿಫಾರಸು ಮಾಡಿದ್ದೇನೆ.