ಕಾರು ಬಿಡಿಸುತ್ತೇವೆ!

ಕನ್ನಡ ಮೇಡಂ ಆಗಿ ನಿವೃತ್ತಳಾದ ನನಗೆ ಬಿಪಿ ಇಲ್ಲ, ಶುಗರ್ ಇಲ್ಲ. ಇರುವ ಕಾಯಿಲೆ ಒಂದೇ. ಎಲ್ಲಿ ತಪ್ಪು ಕನ್ನಡ ಕಂಡರೂ ಕೈ ತುರಿಸುತ್ತದೆ! ಹೋಟೆಲಿನ ಬೋರ್ಡಿನಲ್ಲಿ 'ಚಿತ್ರನ್ನ' ಅಂತಿದ್ದರೆ, ಅದಕ್ಕೊಂದು ದೀರ್ಘ ಕೊಡಿಸುವವರೆಗೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮದುವೆ ಪತ್ರಿಕೆ ಕೊಡಲು ಬಂದವರಿಗೆ ಅವರೆದುರೇ ತಿದ್ದಿ ವಾಪಸ್ ಕೊಟ್ಟಿದ್ದೇನೆ. ಆಮೇಲೆ ಅವರು ಮದುವೆಗೇ ಕರೆಯಲಿಲ್ಲ ಅಂತ ನಮ್ಮ ಯಜಮಾನರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಶುದ್ಧ ಸುಳ್ಳು. ಕರೆದಿದ್ದರು. ಊಟಕ್ಕೆ ಏಳಿ ಅನ್ನಲಿಲ್ಲ, ಅಷ್ಟೆ!

ಇಂಥ ನಾನು ಒಂದು ಡ್ರೈವಿಂಗ್ ಸ್ಕೂಲನ್ನು ಉದ್ಧಾರ ಮಾಡಲು ಹೊರಟೆ.

ಸ್ಕೂಲು ಸೋಲಿಗರ ಹೆಂಗಸರದು. ಚಾಮರಾಜನಗರದ ಕಡೆ ಬೆಟ್ಟದಲ್ಲಿ ಅವರ ಪೋಡು, ಅಂದರೆ ಕಾಡಿನೊಳಗಿನ ಊರು. ಅಲ್ಲಿ ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಹೋಗಲು ಜೀಪಿದೆ, ಓಡಿಸುವ ಗಂಡಸು ಯಾವಾಗಲೂ ಎಲ್ಲೋ ಹೋಗಿರುತ್ತಾನೆ. ಅದಕ್ಕೇ ಹೆಂಗಸರೇ ಓಡಿಸಲು ಕಲಿತು, ಪೋಡಿನ ಹುಡುಗಿಯರಿಗೆಲ್ಲ ಪುಕ್ಕಟೆ ಕಲಿಸಲು ಶುರು ಮಾಡಿದರು. ಆ ಖರ್ಚು ಹುಟ್ಟಲಿ ಅಂತ ಇಲ್ಲಿ ನಮ್ಮ ಸಿಟಿಯ ಚಾಮರಾಜಪೇಟೆಯಲ್ಲೊಂದು ಶಾಖೆ ತೆರೆದರು. ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಅಂಗಳ, ಒಂದು ಹಳೇ ಕಾರು, ಕಲಿಸಲು ಅವರಲ್ಲೇ ಒಬ್ಬಳಾದ ಜಡೆಮಾದಮ್ಮ. ಅಂಗಳದ ಮಾಲೀಕರು ಒಂದು ಮಾತು ಹೇಳಿದ್ದರು: "ಯುಗಾದಿ ಒಳಗೆ ಒಂದು ಬ್ಯಾಚ್ ತುಂಬಿದ್ರೆ ಇರಿ, ಇಲ್ಲಾಂದ್ರೆ ಖಾಲಿ ಮಾಡಿ."

ಕೆಲಸ ಬಲ್ಲ ಸ್ವಯಂಸೇವಕರು ಬೇಕಾಗಿದ್ದಾರೆ ಅಂತ ಸುದ್ದಿ ಬಂತು. ಯಜಮಾನರು ಜೀವಮಾನವೆಲ್ಲ ಲಾರಿ ಇಂಜಿನ್ನಿನೊಳಗೆ ತಲೆ ಹಾಕಿಕೊಂಡಿದ್ದವರು, ಕಾರು ನೋಡಿಕೊಳ್ಳಲು ಹೋದರು. ನಾನು ಪ್ರಚಾರದ ಹೊಣೆ ಹೊತ್ತೆ. ಕಾರಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಹಿಂದಿನ ಸೀಟಿನಲ್ಲಿ ಕೂತರೆ ನಿದ್ದೆ ಚೆನ್ನಾಗಿ ಬರುತ್ತದೆ.

"ಬ್ಯಾನರ್ ಮೇಲೆ ಏನು ಬರೆಸೋಣ ಮಾದಮ್ಮ?" ಅಂತ ಕೇಳಿದೆ.

"ಬರೆಯಾದೇನ ಮೇಡಂ, ಕಾರ್ ಬುಡೋದ ಕಲುಸ್ತೀವಿ, ಬನ್ನಿ ಅಂತ ಬರೀರಿ. ಸಾಕು."

ಬುಡೋದ! ನನ್ನ ಕೈ ತುರಿಸಿತು. "'ಬುಡೋದ' ಅಶುದ್ಧ ಮಾದಮ್ಮ. ಧಾತು 'ಬಿಡು'. ಬೇರೆಯವರಿಂದ ಮಾಡಿಸಿದರೆ ಪ್ರೇರಣಾರ್ಥಕ, 'ಇಸು' ಪ್ರತ್ಯಯ ಸೇರುತ್ತೆ. ಮಾಡು, ಮಾಡಿಸು. ಬಿಡು, ಬಿಡಿಸು."

"ನಮ್ಗ ಜನ ಬಂದ್ರಾಯ್ತು. ನೀವು ಏನಾರ ಸೇರ್ಸಿ ಮೇಡಂ," ಅಂದಳು ಮಾದಮ್ಮ.

'ಡ್ರೈವಿಂಗ್ ಸ್ಕೂಲ್' ಅನ್ನುವ ಇಂಗ್ಲಿಷನ್ನೂ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿದೆ. ಕೊನೆಗೆ ಪ್ರೆಸ್ಸಿನ ಗೇಟಿಗೆ ಅಡ್ಡಲಾಗಿ, ಅಚ್ಚಗನ್ನಡದಲ್ಲಿ, ಬ್ಯಾನರ್ ಏರಿತು: 'ಸೋಲಿಗ ಸೋದರಿಯರ ಬಳಗ. ಒಂದೇ ತಿಂಗಳಲ್ಲಿ ಕಾರು ಬಿಡಿಸುತ್ತೇವೆ! ಬನ್ನಿ!'

ಯಜಮಾನರು ಕೆಳಗೆ ನಿಂತು ತಲೆ ಕೆರೆದುಕೊಂಡರು. "ಇದನ್ನ ಎಲ್ಲೋ ಓದಿದೀನಿ ಕಣೇ. ಕಲಾಸಿಪಾಳ್ಯದ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಇರುತ್ತಲ್ಲ, 'ಕುಡಿತ ಬಿಡಿಸುತ್ತೇವೆ' ಅಂತ..."

"ರೀ, ನೀವು ಬ್ರೇಕ್ ನೋಡ್ಕೊಳ್ಳಿ. ವ್ಯಾಕರಣ ನನಗೆ ಬಿಡಿ."

ಬಿಟ್ಟರು.

ಮರುದಿನ ಬೆಳಿಗ್ಗೆ ಮೊದಲ ಗಿರಾಕಿ! ಒಬ್ಬ ಅಜ್ಜಿ, ಕೈಯಲ್ಲಿ ಪುಟ್ಟ ಮೊಮ್ಮಗಳು, ಮೊಮ್ಮಗಳ ಕೈಯಲ್ಲಿ ಬಣ್ಣದ ಪೆನ್ಸಿಲ್ ಡಬ್ಬಿ.

"ಕಾರು ಬಿಡಿಸೋದು ಹೇಳ್ಕೊಡ್ತೀರಂತಲ್ಲ. ಇವಳು ಬಸ್ಸು ಚೆನ್ನಾಗಿ ಬಿಡಿಸ್ತಾಳೆ ಕಣ್ರೀ. ಕಾರಿಗೆ ಮಾತ್ರ ಚಕ್ರ ಚೌಕಾಕಾರ ಆಗ್ಬಿಡುತ್ತೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬರು ಏದುಸಿರು ಬಿಡುತ್ತ ನುಗ್ಗಿದರು. "ಮೇಡಂ, ವಿಶ್ವೇಶ್ವರಪುರಂನಲ್ಲಿ ದೋಸೆ ತಿಂದು ಬರೋ ಅಷ್ಟರಲ್ಲಿ ಟೋಯಿಂಗ್‌ನೋರು ನನ್ನ ಕಾರ್ ಎತ್ಕೊಂಡು ಹೋಗ್ಬಿಟ್ರು! ನೀವು ಒಂದು ತಿಂಗಳು ಅಂತ ಹಾಕಿದೀರ. ದಯವಿಟ್ಟು ಇವತ್ತು ಸಂಜೆ ಒಳಗೆ ಬಿಡಿಸಿಕೊಡೋಕೆ ಆಗಲ್ವಾ?"

ಅವರ ಹಿಂದೆಯೇ ಶಂಕರಪುರಂನಿಂದ ಆಟೋ ಮಾಡಿಕೊಂಡು ಬಂದರು ಒಬ್ಬ ಹಿರಿಯ ಮುತ್ತೈದೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಗಂಡ.

"ಇವರದ್ದು ಬಿಡಿಸಿ ಪುಣ್ಯ ಕಟ್ಕೊಳ್ಳಿ. ಕಣ್ಣು ಸರಿಯಾಗಿ ಕಾಣಲ್ಲ, ಆದರೂ ಕಾರ್ ಬಿಡಲ್ಲ ಅಂತಾರೆ. ಮೊನ್ನೆ ಹಸು ಅಡ್ಡ ನಿಂತಿದೆ ಅಂತ ಹಾರನ್ ಹೊಡೆದೂ ಹೊಡೆದೂ ಬೈದರು. ಇಳಿದು ನೋಡಿದ್ರೆ ಪೋಸ್ಟ್ ಡಬ್ಬ!" ಆಮೇಲೆ ದನಿ ತಗ್ಗಿಸಿ, ಗಂಡನ ಪಕ್ಕದಲ್ಲೇ ನಿಂತು ಕೇಳಿದರು: "ಇವರಿಗೆ ಗೊತ್ತಾಗದ ಹಾಗೆ ಹುಳೀಲಿ ಕಲಸಿ ಹಾಕೋ ಪುಡಿ ಇದ್ರೆ ಕೊಡಿ."

"ನನಗೆ ಕಿವಿ ಚೆನ್ನಾಗೇ ಕೇಳುತ್ತೆ," ಅಂದರು ಗಂಡ.

ಯಜಮಾನರು ಕಾರಿನ ಕೆಳಗೆ ಮಲಗಿ ಬ್ರೇಕ್ ನೋಡುತ್ತಿದ್ದರು. ಅಲ್ಲಿಂದ ನಗು ಕೇಳಿಸಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ! ನನ್ನ ಒಂದು 'ಇಸು' ಪ್ರತ್ಯಯದಿಂದ ಡ್ರೈವಿಂಗ್ ಸ್ಕೂಲು ಏಕಕಾಲಕ್ಕೆ ಚಿತ್ರಕಲಾ ಶಾಲೆ, ಪೊಲೀಸ್ ದಲ್ಲಾಳಿ ಆಫೀಸು ಮತ್ತು ದುಶ್ಚಟ ನಿವಾರಣಾ ಕೇಂದ್ರವಾಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ತರಕಾರಿ ಅಮ್ಮ ಬೇರೆ ಗೇಟಿನಲ್ಲಿ ನಿಂತು, "ಅವರೆಕಾಯಿ ಬಿಡಿಸ್ತೀರೇನಮ್ಮ?" ಅಂತ ಕೇಳಿ ಹೋದಳು.

ಮಾದಮ್ಮ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಮೆಟ್ಟಿಲ ಮೇಲೆ ಕೂತಳು.

"ಹಿಂಗೇ ಆದ್ರ, ಯುಗಾದಿಗ ಗಾಡಿ ಬೆಟ್ಟಕ್ಕ ವಾಪಸ್ ಹತ್ತುಸ್ಬೇಕಾಯ್ತದ ಮೇಡಂ. ನಮ್ಮಕ್ಕ ಹೆರಿಗೇಲಿ ಜೀಪಿಗ ಕಾಯ್ತಾ ಕಾಯ್ತಾನೇ ಹೋದ್ಳು. ಅವಳ ಮಗಳು ನಾನು ಕಲ್ತೇ ಕಲೀತೀನಿ ಅಂತ ಕೂತವ್ಳ. ಏನ್ ಹೇಳ್ಲಿ ಅವಳ್ಗ?"

ನಿಜವಾಗಿ ಹೇಳುತ್ತೇನೆ, ಅಳು ಬಂತು. ಬೆಟ್ಟದ ಆ ಹುಡುಗಿಗೆ ನಾನು ಕೊಟ್ಟದ್ದು ಒಂದು ಪ್ರತ್ಯಯ!

ಮಾದಮ್ಮ ಮಾತ್ರ ಬಹಳ ಹೊತ್ತು ಕೂರುವ ಪೈಕಿ ಅಲ್ಲ. ಎದ್ದು ಸೆರಗು ಸಿಕ್ಕಿಸಿಕೊಂಡು, ಹೊರಟು ನಿಂತಿದ್ದ ಮುತ್ತೈದೆಯನ್ನು ತಡೆದಳು.

"ಪುಡಿ ಗಿಡಿ ಬ್ಯಾಡ ಕಣವ್ವ. ನೀವು ಬುಡೋದ ಕಲ್ತ್ಕಳಿ. ನೀವು ಬುಟ್ರ, ಅವ್ರು ಬುಡ್ತಾರ."

ಆ ತಾಯಿ ಮೊದಲು ಗಂಡನ ಮುಖ ನೋಡಿದರು, ಆಮೇಲೆ ಸ್ಟೇರಿಂಗ್ ನೋಡಿದರು. ಚೀಲ ಕೆಳಗಿಟ್ಟು, "ನಾಳೆ ಎಷ್ಟು ಹೊತ್ತಿಗೆ ಬರಲಿ?" ಅಂದರು.

"ಸಾ, ನಿಲ್ಲಿ!" ದೋಸೆಯವರಿಗೆ ಹೇಳಿದಳು. "ಸರ್ಯಾಗಿ ನಿಲ್ಸಾದ ಕಲ್ತಿದ್ರ ಯಾಕ ಎತ್ಕಂಡ್ ಹೋಗಾರು?" ಅವರು ಪೆಚ್ಚಾಗಿ, ಪಾರ್ಕಿಂಗ್ ಪಾಠಕ್ಕೆ ಒಪ್ಪಿದರು. ಅಜ್ಜಿ ಮನೆಗೆ ಹೋಗಿ ಸೊಸೆಯನ್ನು ಕಳಿಸಿದರು. ಸೊಸೆ ಕಾರು ಕಲಿಯುವಾಗ ಮೊಮ್ಮಗಳು ಅಂಗಳದಲ್ಲಿ ಕೂತು ಕಾರು ಬಿಡಿಸತೊಡಗಿದಳು. ಬ್ಯಾನರ್ ನೋಡಿ ನಗಲು ಬಂದವರನ್ನೂ ಮಾದಮ್ಮ ಬಿಡಲಿಲ್ಲ. ಹಾಗೂ ಹೀಗೂ ಯುಗಾದಿ ಹತ್ತಿರ ಬಂದಾಗ ಬ್ಯಾಚಿಗೆ ಒಬ್ಬರೇ ಕಮ್ಮಿ.

ಎಲ್ಲರೂ ನನ್ನ ಕಡೆ ತಿರುಗಿದರು.

"ನಾನಾ? ಈ ವಯಸ್ಸಲ್ಲಾ?"

"ಹಾಳು ಮಾಡಿದೋರು ನೀವೇ ತಾನೇ ಮೇಡಂ," ಅಂದಳು ಮಾದಮ್ಮ, ನಗುತ್ತಲೇ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಸೇರಿದೆ. ಬ್ಯಾಚ್ ತುಂಬಿತು, ಜಾಗ ಉಳಿಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನವೂ ಉಳಿಯುತ್ತಿತ್ತು.

ಮೊದಲ ಪಾಠ. ಕಾರಿನ ಮೂತಿ ಗೇಟಿನ ಕಡೆಗಿತ್ತು. ಮಾದಮ್ಮ ಪಕ್ಕದಲ್ಲಿ.

"ಹಾಂ, ಈಗ ಬುಡಿ. ಮೆಲ್ಲಗ ಬುಡಿ ಮೇಡಂ."

ಹಾಳು ಕಾಯಿಲೆ! ಬಾಯಿ ತಡೆಯಲಿಲ್ಲ. "'ಬುಡಿ' ಅಲ್ಲ ಮಾದಮ್ಮ, 'ಬಿಡಿ'. ಇನ್ನೊಂದು ವಿಷಯ, ಅದು ಸಕರ್ಮಕ ಧಾತು. ಏನನ್ನು ಬಿಡಬೇಕು ಅಂತ ಕರ್ಮಪದ ಹೇಳಬೇಕು!"

"ಅಯ್ಯೋ, ಬುಡೀ ಅಂದ್ರ!"

ಗಾಬರಿಯಲ್ಲಿ ಎಲ್ಲವನ್ನೂ ಬಿಟ್ಟೆ. ಕ್ಲಚ್ ಬಿಟ್ಟೆ, ಸ್ಟೇರಿಂಗ್ ಬಿಟ್ಟೆ, ರಾಮಾ ಅಂತ ಉಸಿರೂ ಬಿಟ್ಟೆ! ಕಾರು ಎರಡು ಸಲ ಕುಪ್ಪಳಿಸಿ ನೇರ ಗೇಟಿಗೆ ಹೋಗಿ ಬ್ಯಾನರ್ ಕಟ್ಟಿದ್ದ ಕಂಬಕ್ಕೆ ಮುತ್ತಿಟ್ಟಿತು. ಅಷ್ಟರಲ್ಲಿ ಯಜಮಾನರು ಮಾದಮ್ಮನ ಕಾಲಡಿ ಜೋಡಿಸಿದ್ದ ಇನ್ನೊಂದು ಬ್ರೇಕು ಕೆಲಸ ಮಾಡಿತ್ತು, ಯಾರಿಗೂ ಏನೂ ಆಗಲಿಲ್ಲ. ಬ್ಯಾನರ್ ಮಾತ್ರ ಕಳಚಿ ಗಾಜಿನ ಮೇಲೆ ಬಿತ್ತು. ಕಣ್ಣೆದುರಿಗೆ, ತಲೆಕೆಳಗಾಗಿ, ಒಂದೇ ಒಂದು ಪದ: 'ಬಿಡಿಸುತ್ತೇವೆ!'

ಮುತ್ತೈದೆಯ ಗಂಡ ಚಪ್ಪಾಳೆ ತಟ್ಟಿದರು. "ನೋಡಿದ್ಯೇನೇ? ನಾನೇ ವಾಸಿ!"

ಹೊಸ ಬೋರ್ಡನ್ನು ಪೇಂಟರಿಗೆ ಮಾದಮ್ಮನೇ ಹೇಳಿ ಬರೆಸಿದಳು: 'ಕಾರ್ ಬುಡೋದ ಕಲುಸ್ತೀವಿ. ಬನ್ನಿ.' ಪೇಂಟರ್ ತನ್ನ ಪಾಲಿನದೂ ಇರಲಿ ಅಂತ ಕೆಳಗೆ 'ಡೈವಿಂಗ್ ಸ್ಕೂಲ್' ಎಂದು ಸೇರಿಸಿದ್ದ. ರ-ಒತ್ತು ಇಲ್ಲವೇ ಇಲ್ಲ! ಎರಡನೇ ಬ್ಯಾಚಿಗೆ ಜನ ಬರುತ್ತಲೇ ಇದ್ದಾರೆ. ಮಾದಮ್ಮನ ಅಕ್ಕನ ಮಗಳು ಬೆಟ್ಟದಲ್ಲಿ ಜೀಪಿನ ಸ್ಟೇರಿಂಗ್ ಹಿಡಿದು ಕಲಿಯತೊಡಗಿದ್ದಾಳಂತೆ.

ಮೊನ್ನೆ ಬೋರ್ಡಿನ ಮುಂದೆ ನಿಂತೆ. ಯಜಮಾನರು ಬೇಕಂತಲೇ ಕೆಂಪು ಪೆನ್ನು ತೆಗೆದು ಚಾಚಿದರು.

"ತಗೋ. ಎಷ್ಟು ಹೊತ್ತು ತಡ್ಕೋತೀಯ?"

ಕೈ ತುರಿಸಿತು. ಬಹಳ ತುರಿಸಿತು. ಒಳಗಿಂದ ಮಾದಮ್ಮ ಯಾರಿಗೋ ಕೂಗುತ್ತಿದ್ದಳು, "ಬುಡಿ, ಮೆಲ್ಲಗ ಬುಡಿ!"

ಬುಟ್ಟೆ.