ಬಾಪೂಸಾಹೇಬರ ಹಾರ್ನು

ಮಿರಜಿನ ಶ್ರೀಪಾಲನ ಮನೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ತಂದೆಯ ಕಾಲದ ಫಿಯಾಟ್ ಕಾರನ್ನು ಮಗ ಸಂಮೇದ ರಿಪೇರಿ ಮಾಡಿಸಿದ್ದ. ಎಂಜಿನ್ ಆಯಿತು, ಬಣ್ಣವಾಯಿತು, ಹಾರ್ನು ಮಾತ್ರ ಬಾಯಿ ಬಿಡಲಿಲ್ಲ. ಶ್ರೀಪಾಲ ಕಾರನ್ನು ಸುತ್ತಿ ನೋಡಿ, “ಹಾರ್ನ ಇಲ್ಲಲ್ಲೋ” ಎಂದನೇ ಹೊರತು ಚೆಂದವಾಗಿದೆ ಎನ್ನಲಿಲ್ಲ. ಸಂಮೇದ ಮೋಟಾರ್‌ಸೈಕಲ್ ಹತ್ತಿ ತನ್ನ ಅಂಗಡಿಗೆ ಹೋದ.

ಹಾರ್ನಿನ ಮೇಲೆ ಅಷ್ಟು ಮೋಹಕ್ಕೆ ಕಾರಣವಿತ್ತು. ಶ್ರೀಪಾಲನ ಮದುವೆಯ ದಿನ ತಂದೆ ಬಾಪೂಸಾಹೇಬರು ಇದೇ ಕಾರಿನಲ್ಲಿ ಸೊಸೆ ಸಖುಬಾಯಿಯನ್ನು ಸಾಂಗ್ಲಿವಾಡಿಯಿಂದ ಕರೆತಂದಿದ್ದರು. ಕಾರಿನಲ್ಲಿ ಹೆಂಗಸರೇ ತುಂಬಿ, ಮದುಮಗ ಹಿಂದಿನ ಟ್ರಕ್ಕಿನಲ್ಲಿ ಅಡುಗೆ ಪಾತ್ರೆಗಳ ಜೊತೆ ಕೂತಿದ್ದ. ಕೃಷ್ಣೆಯ ಸೇತುವೆಯಿಂದ ಮನೆಯತನಕ ಕಾರಿನ ಹಾರ್ನು ಒಂದೇ ಸಮನೆ ಮೊಳಗಿತ್ತು. ಮಗನ ಬೆನ್ನನ್ನು ಎಂದೂ ತಟ್ಟದ ಬಾಪೂಸಾಹೇಬರು ಅವತ್ತು ಖುಷಿಯಿಂದ ಹಾರ್ನಿನ ಮೇಲಿನ ಕೈಯನ್ನೇ ತೆಗೆದಿರಲಿಲ್ಲ. ತಂದೆ ತನ್ನನ್ನು ಮೆಚ್ಚಿದ್ದರು ಎನ್ನಲು ಶ್ರೀಪಾಲನಿಗಿದ್ದ ಸಾಕ್ಷಿ ಅದೊಂದೇ.

ಇವತ್ತು ಸಾಂಗ್ಲಿವಾಡಿಯ ಭಾವಮೈದುನನ ಮನೆಯಲ್ಲಿ ಊಟ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ತಾಟಿನ ಮುಂದೆ ಕೂರಬೇಕು. ಸೇತುವೆಯ ಮೇಲೆ ಅದೇ ಹಾರ್ನು ಬಾರಿಸುತ್ತ ಹೋಗಬೇಕೆಂದು ಶ್ರೀಪಾಲ ಬಾನೆಟ್ ಎತ್ತಿದ. ಹಾರ್ನಿನ ವೈರುಗಳನ್ನು ಜೋಡಿಸುವ ಕನೆಕ್ಟರ್ ಹಸಿರು ಕಿಲುಬು ಹಿಡಿದು ಕಚ್ಚಿಕೊಂಡಿತ್ತು. ಎಷ್ಟು ಎಳೆದರೂ ಬರಲಿಲ್ಲ.

ಎದುರು ಮನೆಯ ಧೋಂಡಪ್ಪ ಬಂದ. “ಬಿಸಿನೀರ ಹಾಕ್ರಿ, ಸಡ್ಲ ಆಗ್ತೈತಿ. ಜಲ್ಮಪೂರಾ ಬಸ್ ಹೊಡದೇನಿ ನಾ.”

“ಹೊಡದೀ, ರಿಪೇರಿ ಎಂದ ಮಾಡೀ?” ಎಂದಳು ಪಕ್ಕದ ಮನೆಯ ತುಳಸವ್ವ. “ಕೊಬ್ಬರಿ ಎಣ್ಣಿ ಹಚ್ರಿ. ಕೈಯಾಗ ಸಿಕ್ಕೊಂಡ ಬಳೀನೂ ಬರತೈತಿ.”

ಯಾರ ಮನಸ್ಸನ್ನೂ ನೋಯಿಸಬಾರದೆಂದು ಶ್ರೀಪಾಲ ಎರಡನ್ನೂ ಮಾಡಿದ. ಕನೆಕ್ಟರ್ ಬಿಡಲಿಲ್ಲ, ಕೈ ಮಾತ್ರ ಜಾರತೊಡಗಿತು. ಕೊನೆಗೆ ಧೋಂಡಪ್ಪ ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದ, ಶ್ರೀಪಾಲ ಇನ್ನೊಂದನ್ನು ಜಗ್ಗಿದ. ಫಟ್ಟನೆ ಬಿಟ್ಟಿತು. ಶ್ರೀಪಾಲ ಹೋಗಿ ಹೊರಸಿನ ಮೇಲೆ ಒಣಗುತ್ತಿದ್ದ ಹಪ್ಪಳಗಳ ಮೇಲೆ ಕೂತ.

“ಹಾರ್ನ ಬ್ಯಾಡ ಅಂತ ಮುಂಜಾನಿಂದ ಹೇಳಾಕತ್ತೇನಿ,” ಎಂದಳು ಸಖುಬಾಯಿ, ಹಪ್ಪಳದ ಚೂರು ಆರಿಸುತ್ತ.

ಅವನು ಕೇಳಿಸಿಕೊಳ್ಳಲಿಲ್ಲ. ಕನೆಕ್ಟರಿನೊಳಗೆ ಸಿಕ್ಕಿಕೊಂಡಿದ್ದ ಸೈಕಲ್ ಟ್ಯೂಬಿನ ಚೂರನ್ನು ಕಸವೆಂದು ಕಿತ್ತೆಸೆದ. ತುದಿಗಳನ್ನು ಉಜ್ಜಿ, ಇನ್ನೆಂದೂ ಬಿಚ್ಚದ ಹಾಗೆ ಒತ್ತಿ ಕೂರಿಸಿದ. ಹಾರ್ನು ಕೂಗಿತು. ಅದೇ ದನಿ. ಶ್ರೀಪಾಲನ ಕಣ್ಣು ತೇವವಾದವು.

ಸಂಜೆ ಗಂಡ ಹೆಂಡತಿ ಕಾರಿನಲ್ಲಿ ಹೊರಟರು. ಸಂಮೇದ ಮೋಟಾರ್‌ಸೈಕಲ್ ಮೇಲೆ ಹಿಂದೆ ಬರುತ್ತಿದ್ದ. ಸೇತುವೆ ಹತ್ತುತ್ತಲೇ ಶ್ರೀಪಾಲ ಹಾರ್ನು ಒತ್ತಿದ. ಕೈ ತೆಗೆದ. ಹಾರ್ನು ನಿಲ್ಲಲಿಲ್ಲ.

ಸೇತುವೆ ದಾಟಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ತಾನೇ ಒತ್ತಿ ಕೂರಿಸಿದ್ದ ಕನೆಕ್ಟರ್ ಜಪ್ಪಯ್ಯ ಎಂದರೂ ಬರಲಿಲ್ಲ. ಬ್ಯಾಟರಿ ಬಿಚ್ಚೋಣವೆಂದರೆ ನಟ್ಟು ತಿರುಗಿಸುವ ಪಾನಾ ಮನೆಯಲ್ಲೇ ಉಳಿದಿತ್ತು. ಇಳಿದು ಬಂದ ಸಖುಬಾಯಿ ಕಿವಿ ಮುಚ್ಚಿಕೊಂಡು ನಗತೊಡಗಿದಳು.

“ಅವತ್ತೂ ಹಿಂಗ ಆಗಿತ್ರಿ.”

“ಅವತ್ತ ಅಪ್ಪ ಖುಷೀಲೆ ಬಾರಿಸಿದ್ರು.”

“ಎಲ್ಲೀ ಖುಷಿ. ಹಾರ್ನ ಸಿಕ್ಕೊಂಡಿತ್ತು. ಮಾವನೋರು ದಾರಿ ತುಂಬ ಬೈಕೋಂತ ಬಂದ್ರು. ಇನ್ನ ಒದರಬಾರದಂತ ಮನ್ಯಾಗ ವೈರ ಬಿಚ್ಚಿ, ನಡಕ ಸೈಕಲ್ ಟ್ಯೂಬಿನ ಚೂರ ಇಟ್ಟು ಒತ್ತಿಬಿಟ್ರು.”

“ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ನೀವು ಆ ಸುದ್ದಿ ಹೇಳೂವಾಗ ನಿಮ್ಮ ಮಾರಿ ನೋಡಿದ್ರ ಖರೇ ಹೇಳಾಕ ಬಾಯಿ ಬರತಿರಲಿಲ್ರಿ.”

ಶ್ರೀಪಾಲನಿಗೆ ತಂದೆಯನ್ನು ಎರಡನೆಯ ಸಲ ಕಳೆದುಕೊಂಡಂತಾಯಿತು. ಅತ್ತ ಸೂರ್ಯ ಕೃಷ್ಣೆಯಲ್ಲಿ ಇಳಿಯುತ್ತಿದ್ದ. ಊಟವೂ ಹೋಯಿತು.

ಅಷ್ಟರಲ್ಲಿ ಸಂಮೇದ ಬಂದು ಗಾಡಿ ನಿಲ್ಲಿಸಿದ. ಅವನ ಕಣ್ಣು ತುಂಬಿದ್ದವು.

“ಅಪ್ಪಾ, ಕಾರ್ ನಿಮಗ ಪಸಂದ ಬಂದಿಲ್ಲ ಅನ್ಕೊಂಡಿದ್ನಿ. ಹೊಳಿ ಪೂಲ ತುಂಬ ಹಾರ್ನ ಬಾರಿಸ್ಕೋಂತ ಬಂದ್ರಲ್ಲ. ನೀವು ಇಷ್ಟ ಖುಷಿ ಆಗಿದ್ದು ನಾ ಎಂದೂ ನೋಡಿಲ್ಲ.”

ಶ್ರೀಪಾಲ ಹೆಂಡತಿಯ ಕಡೆ ನೋಡಿದ. ಸಖುಬಾಯಿ ಹೊಳೆಯ ಕಡೆ ಮುಖ ತಿರುಗಿಸಿದಳು. ಅವನು ಮೆಲ್ಲಗೆ ಬಾನೆಟ್ ಮುಚ್ಚಿದ.

“ಭಾಳ ಛಲೋ ಮಾಡೀಯಪ್ಪಾ ಕಾರು.” ಹಾರ್ನಿನ ಗದ್ದಲಕ್ಕೆ ಆ ಮಾತನ್ನು ಎರಡು ಸಲ ಕೂಗಿ ಹೇಳಬೇಕಾಯಿತು.

ಆಮೇಲೆ ಹಸಿದ ಹೊಟ್ಟೆಯಲ್ಲಿ ಸ್ಟಿಯರಿಂಗ್ ಹಿಡಿದು, ಹಿಂದೆ ಬರುವ ಮಗನಿಗೆ ಕಾಣುವಂತೆ ಹಾರ್ನಿನ ಮೇಲೆ ಕೈಯಿಟ್ಟುಕೊಂಡು ಸಾಂಗ್ಲಿವಾಡಿಯ ಕಡೆ ಹೊರಟ.